ಭರ್ಜಿ ಒಂದು, ನಿಶಾನಿ ಇಲ್ಲ

ನನ್ನ ಬಳಿ ಹನ್ನೆರಡು ಡೈರಿಗಳಿವೆ. ಐವತ್ತೈದನೆಯ ಇಸವಿಯಿಂದ ಕಳೆದ ವರ್ಷದವರೆಗೆ, ವರ್ಷಕ್ಕೊಂದು. ಹನ್ನೊಂದರಲ್ಲಿ ನನ್ನ ಅಕ್ಷರವಲ್ಲದೆ ಬೇರೆ ಯಾರ ಗುರುತೂ ಇಲ್ಲ. ಅರವತ್ತನೆಯ ಇಸವಿಯದರಲ್ಲಿ ಮಾತ್ರ, ಆಗಸ್ಟ್ ಹದಿನಾಲ್ಕರ ಪುಟದ ಕೆಳಗೆ, ನೇರಳೆ ಬಣ್ಣದ ಒಂದು ಹೆಬ್ಬೆಟ್ಟು ಒತ್ತಿದೆ. ಮೊನ್ನೆ ಅಕ್ಕನ ಮಗಳು ಆ ಪುಟ ತೆರೆದು, ನೇರಳೆಹಣ್ಣು ತಿಂದ ಕೈಯಲ್ಲಿ ಇದನ್ನು ಮುಟ್ಟಿದವರು ಯಾರು ಚಿಕ್ಕಮ್ಮ ಎಂದು ಕೇಳಿದಳು. ಡೈರಿ ಮುಟ್ಟಿದ್ದಕ್ಕೆ ಬೈಸಿಕೊಳ್ಳುವ ಸರದಿ ತನ್ನೊಬ್ಬಳದೇ ಅಲ್ಲ ಎಂಬ ಸಂತೋಷ ಅವಳ ಮುಖದಲ್ಲಿತ್ತು. ಅವಳಿಗೆ ಹೇಳಿದ್ದನ್ನು ನಿಮಗೂ ಹೇಳಿಬಿಡುತ್ತೇನೆ.

ಅದಕ್ಕೆ ಮೊದಲು ನನ್ನ ಡೈರಿಯ ಬಗ್ಗೆ ಒಂದು ಮಾತು. ಡೈರಿಯೆಂದರೆ ಮನಸ್ಸಿನ ಗುಟ್ಟು ಇರುತ್ತದೆ ಎಂದುಕೊಂಡು ನನ್ನ ಗೆಳತಿಯೊಬ್ಬಳು ಅದನ್ನು ಒಮ್ಮೆ ಕದ್ದು ಓದಿ, ಹತ್ತು ನಿಮಿಷದಲ್ಲಿ ಆಕಳಿಸುತ್ತ ತಂದುಕೊಟ್ಟಳು. ನನ್ನದರಲ್ಲಿ ಇರುವುದೆಲ್ಲ ಲೆಕ್ಕ. ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ನಿಂತಿತು. ತರ್ಕಶಾಸ್ತ್ರದ ಮೇಷ್ಟರು ಒಂದು ಪಾಠದಲ್ಲಿ ‘ಹಾಗಾಗಿ’ ಎಂದು ಎಷ್ಟು ಸಲ ಹೇಳಿದರು (ಅತಿ ಹೆಚ್ಚು ಅರವತ್ತೆರಡು). ಯಾರಾದರೂ ಹೊರಟಾಗ ಅಜ್ಜಿ ಒಂಟಿ ಸೀನು ಸೀನಿದ್ದೆಷ್ಟು, ಜೋಡಿ ಸೀನು ಎಷ್ಟು, ಅದರಲ್ಲಿ ಕೆಲಸ ಕೆಟ್ಟಿದ್ದು ಎಷ್ಟು. ಕೊನೆಯ ಈ ಲೆಕ್ಕದಿಂದ ಸೀನಿಗೂ ಕೆಲಸಕ್ಕೂ ಸಂಬಂಧವಿಲ್ಲವೆಂದು ಸಾಬೀತಾದಾಗ, ಅಜ್ಜಿ ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದರು.

ಪ್ರತಿ ಆಗಸ್ಟ್ ಹದಿನೈದಕ್ಕೆ ನಮ್ಮ ಬೀದಿಯಲ್ಲಿ ಹಾರಿದ ಬಾವುಟಗಳನ್ನೂ ಎಣಿಸಿ ಬರೆಯುತ್ತೇನೆ. ಐವತ್ತೈದರಲ್ಲಿ ಹನ್ನೊಂದು, ಐವತ್ತಾರರಲ್ಲಿ ಹದಿನಾಲ್ಕು, ಐವತ್ತೇಳರಲ್ಲಿ ಮಳೆ ಬಂದು ಒಂಬತ್ತು. ನಲವತ್ತೇಳರ ಲೆಕ್ಕ ನನ್ನಲ್ಲಿಲ್ಲ. ಆಗ ನನಗೆ ಆರು ವರ್ಷ. ಶಾಲೆಯಲ್ಲಿ ಕೊಟ್ಟ ಕಾಗದದ ಬಾವುಟ ಹಿಡಿದು ಮನೆಗೆ ಬರುವಾಗ ಸೋನೆ ಹಿಡಿದು, ಅದರ ಹಸಿರು ಬಣ್ಣವೆಲ್ಲ ನನ್ನ ಬಿಳಿ ಲಂಗಕ್ಕೆ ಇಳಿಯಿತು. ಅಮ್ಮ ಮೂರು ಸಲ ಸೋಪು ಹಾಕಿ ತಿಕ್ಕಿದರೂ ಹೋಗಲಿಲ್ಲ. ಸ್ವಾತಂತ್ರ್ಯ ಬಂದರೆ ಮತ್ತೆ ಹೋಗುವುದಿಲ್ಲ ಬಿಡು ಎಂದು ಅಪ್ಪ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಆ ಲಂಗವನ್ನು ಅದು ಗಿಡ್ಡವಾಗುವವರೆಗೂ ಹಾಕಿದೆ.

ಇನ್ನು ಅರವತ್ತರ ಕಥೆ. ನಾವಿದ್ದದ್ದು ಮೈಸೂರಿನ ಲಷ್ಕರ್ ಮೊಹಲ್ಲಾದ ಒಂದು ಸಂದಿಬೀದಿಯಲ್ಲಿ. ಲಷ್ಕರ್ ಎಂದರೆ ದಂಡು. ಆದರೆ ಬೀದಿಯಲ್ಲಿ ದಂಡಿನವರು ಉಳಿದಿದ್ದು ಒಬ್ಬರೇ, ಸವಾರ್ ಮಾದಪ್ಪನವರು. ಮಹಾರಾಜರ ಕುದುರೆ ಸೈನ್ಯದಲ್ಲಿ ಇದ್ದವರು. ಮೊದಲನೆಯ ಮಹಾಯುದ್ಧದಲ್ಲಿ ಸಮುದ್ರ ದಾಟಿ ಹೋಗಿ ಬಂದವರು. ಈಗ ಜಟಕಾ ಗಾಡಿಗಳವರಿಗೆ ಲಗಾಮು, ಪಟ್ಟಿ ಹೊಲಿದುಕೊಡುತ್ತ ಮಗಳು ಕೆಂಪಮ್ಮನ ಮನೆಯಲ್ಲಿದ್ದರು. ಸಂಜೆ ಗರಡಿಮನೆಯ ಮುಂದಿನ ಜಗಲಿಯಲ್ಲಿ ಕೂತು ಹುಡುಗರ ಸಾಮು ನೋಡುವುದು ಅವರ ರೂಢಿ. ಯುದ್ಧದ ಮಾತು ಎತ್ತುತ್ತಿರಲಿಲ್ಲ. ಕೇಳಿದರೆ ಕುದುರೆಯ ಮಾತು ಆಡುತ್ತಿದ್ದರು.

ಜುಲೈ ಕೊನೆಯಲ್ಲಿ ನಾಲ್ಕು ದಿನದ ಸೋನೆ ಬಿಟ್ಟು ಬಿಸಿಲು ಬಿದ್ದಾಗ ಕೆಂಪಮ್ಮ ತಂದೆಯ ತಗಡಿನ ಪೆಟ್ಟಿಗೆಯನ್ನು ಬಿಸಿಲಿಗೆ ಸುರಿದಳು. ಕಂಬಳಿಯ ಮಡಿಕೆಯೊಳಗಿಂದ ಒಂದು ಬಟ್ಟೆ ಬಿತ್ತು. ಮೊಳದುದ್ದ, ತುದಿ ಸೀಳಿ ಎರಡು ನಾಲಗೆಯಾದದ್ದು. ಭರ್ಜಿಯ ತಲೆಗೆ ಕಟ್ಟುವ ಬಾವುಟ ಅದು ಎಂದು ಅವಳಿಗೆ ಅವಳ ಅಪ್ಪ ಚಿಕ್ಕಂದಿನಲ್ಲಿ ಹೇಳಿದ್ದರಂತೆ. ನಾಲ್ಕು ಮನೆಯವರು ನೋಡಿದರು. ಸಂಜೆಯೊಳಗೆ ಸುದ್ದಿ, ಸೈಕಲ್ ಷಾಪಿನ ನಾಗರಾಜನಿಗೆ ಮುಟ್ಟಿತು. ಅವನು ನಮ್ಮ ಬೀದಿಯ ಯುವಕರ ಸಂಘದ ಕಾರ್ಯದರ್ಶಿ. ಆ ಸಲದ ಆಗಸ್ಟ್ ಹದಿನೈದಕ್ಕೆ ಯುದ್ಧದ ಬಾವುಟವನ್ನು ಜನಕ್ಕೆ ತೋರಿಸಿ ಅದರ ಚರಿತ್ರೆ ಓದಿಸುವುದೆಂದು ಗೊತ್ತುಮಾಡಿದ. ಸಂಘದಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ. ಆದರೆ ಹದಿನೇಳು ಯುವಕರಲ್ಲಿ ಒಬ್ಬನ ಅಕ್ಷರವೂ ಓದುವಂತಿರಲಿಲ್ಲವಾದ್ದರಿಂದ ಚರಿತ್ರೆ ಬರೆಯುವ ಕೆಲಸ ನನ್ನ ಮನೆಗೇ ಬಂತು.

ನಾನು ಪದ್ಧತಿಯಂತೆ ಶುರುಮಾಡಿದೆ. ಮೊದಲು ಬಣ್ಣ. ಬಟ್ಟೆ ಎಷ್ಟು ಮಾಸಿತ್ತೆಂದರೆ ಅದರ ಮೂಲ ಬಣ್ಣ ಹೇಳುವಂತಿರಲಿಲ್ಲ. ಇಪ್ಪತ್ತಾರು ಜನರನ್ನು ಕೇಳಿದೆ. ಕೆಂಪು ಎಂದವರು ಹನ್ನೊಂದು, ಕಾವಿ ಎಂದವರು ಏಳು, ಹಳದಿ ಎಂದವರು ಮೂರು, ಕಾಫಿ ಚೆಲ್ಲಿದೆ ಎಂದವರು ಇಬ್ಬರು, ನಿನಗೆ ಬೇರೆ ಕೆಲಸವಿಲ್ಲವೇ ಎಂದವರು ಮೂವರು. ಆಮೇಲೆ ಲೈಬ್ರರಿಗೆ ಹೋಗಿ ಯುದ್ಧದ ಬಗ್ಗೆ ಓದಿದೆ. ಓದುತ್ತ ಓದುತ್ತ ಪೆನ್ಸಿಲ್ ಕೆಳಗಿಟ್ಟೆ. ಹತ್ತೊಂಬತ್ತುನೂರ ಹದಿನೆಂಟರಲ್ಲಿ ಹೈಫಾ ಎಂಬ ಊರಿನ ಗುಡ್ಡದ ಮೇಲೆ ಫಿರಂಗಿಗಳಿದ್ದವು, ಮೆಷಿನ್ ಗನ್ನುಗಳಿದ್ದವು. ಜೋಧಪುರದ ಸವಾರರೂ ನಮ್ಮ ಮೈಸೂರಿನ ಸವಾರರೂ ಕೈಯಲ್ಲಿ ಭರ್ಜಿ ಹಿಡಿದು, ಕುದುರೆಯ ಮೇಲೆ, ಅದನ್ನು ಹಿಡಿದರು. ದೆಹಲಿಯಲ್ಲಿ ಮೂವರು ಸೈನಿಕರ ಪ್ರತಿಮೆ ನಿಂತಿದೆಯಲ್ಲ, ಅದರಲ್ಲಿ ಒಬ್ಬ ನಮ್ಮವನು. ನಲ್ಲಿ ನೀರಿನ ಹೊತ್ತು ಬರೆಯುತ್ತಿದ್ದ ನನಗೆ, ಅಂಥ ಗುಡ್ಡ ಹತ್ತಿದವರು ನಾಲ್ಕು ಮನೆ ಆಚೆ ಲಗಾಮು ಹೊಲಿಯುತ್ತಿದ್ದಾರೆ ಎಂಬುದು ಹತ್ತೊಂಬತ್ತು ವರ್ಷ ತಿಳಿದೇ ಇರಲಿಲ್ಲ.

ಅದು ಇಂಗ್ಲಿಷಿನವರ ಯುದ್ಧ, ನಮ್ಮ ದೇಶಕ್ಕೂ ಅದಕ್ಕೂ ಏನು ಸಂಬಂಧ ಎಂದು ಸಂಘದಲ್ಲಿ ಒಬ್ಬ ಆಕ್ಷೇಪಣೆ ತೆಗೆದ. ನಾನು ಹೋಗಿ ಮಾದಪ್ಪನವರನ್ನೇ ಕೇಳಿದೆ. ಅವರು ಸೂಜಿಗೆ ದಾರ ಪೋಣಿಸುತ್ತ ಹೇಳಿದರು: “ಯಾರ ಯುದ್ಧ ಅಂತ ಕುದ್ರೆಗೂ ಗೊತ್ತಿರ್ನಿಲ್ಲ, ನಮ್ಗೂ ಗೊತ್ತಿರ್ನಿಲ್ಲ ಕೂಸೆ. ನಾವು ಮೈಸೂರೋರು ಅನ್ನೋದು ಇಬ್ರಿಗೂ ಗೊತ್ತಿತ್ತು.”

ಇಷ್ಟು ಹೇಳಿದವರು ಬಾವುಟದ ಬಗ್ಗೆ ಕೇಳಿದರೆ ಮಾತು ಬದಲಿಸಿದರು. ಅದ್ಯಾಕೆ ಬುಡು ಎಂದರು. ವಿನಯ ಎಂದುಕೊಂಡೆ. ವಿನಯವಂತರ ವಿಷಯದಲ್ಲಿ ಸಾಕ್ಷ್ಯವನ್ನು ಬೇರೆ ಕಡೆ ಹುಡುಕಬೇಕು ಎಂದು ಡೈರಿಯಲ್ಲಿ ಬರೆದುಕೊಂಡೆ. ಸಾಕ್ಷ್ಯ ಸಿಕ್ಕೇಬಿಟ್ಟಿತು. ಪೆಟ್ಟಿಗೆಯ ತಳದಲ್ಲಿ ನಾಲ್ಕು ಮಡಿಕೆಯ ಒಂದು ಹಳೆಯ ಕಾಗದವಿದೆ, ಅಪ್ಪನಿಗೆ ಓದು ಬರುವುದಿಲ್ಲ, ತನಗೂ ಇಲ್ಲ, ನೋಡಿ ಎಂದು ಕೆಂಪಮ್ಮ ಕೊಟ್ಟಳು. ಸೈನ್ಯ ಬಿಡುವಾಗ ಬರೆದ ಕಾಗದ. ಅದರ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ‘ಸವಾರ ಮಾದನ ನಿಶಾನಿ’ ಎಂದಿತ್ತು. ಕೆಳಗೆ ಒಂದು ಮಸಿಯ ಕಲೆ.

ನಿಶಾನಿ ಎಂದರೆ ಬಾವುಟ. ಇದು ಮೈಸೂರಿನಲ್ಲಿ ಯಾವ ಮಗುವಿಗೆ ಗೊತ್ತಿಲ್ಲ? ದಸರಾ ಮೆರವಣಿಗೆಯಲ್ಲಿ ಮುಂದೆ ಬಾವುಟ ಹೊತ್ತು ಬರುವ ಆನೆಯೇ ನಿಶಾನೆ ಆನೆ. ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ಮೊದಲು ಕೂಗುತ್ತಿದ್ದುದೇ ಆ ಹೆಸರನ್ನು. ಸರಿ, ಮಾದಪ್ಪನವರ ಬಾವುಟ ಅವರದೇ ಎಂದು ಸರ್ಕಾರವೇ ಬರೆದುಕೊಟ್ಟಿದೆ! ಕಾಗದವನ್ನು ಅಕ್ಷರ ಬಿಡದೆ ಡೈರಿಗೆ ನಕಲು ಮಾಡಿಕೊಂಡು, ಮೂರು ಪುಟದ ಚರಿತ್ರೆ ಬರೆದೆ. ಮಸಿಯ ಕಲೆ ಗುಮಾಸ್ತನ ಅಜಾಗ್ರತೆ ಎಂದು ಟಿಪ್ಪಣಿಯನ್ನೂ ಸೇರಿಸಿದೆ.

ಆಗಸ್ಟ್ ಏಳರ ಭಾನುವಾರ ಸಂಜೆ ಗರಡಿಯ ಜಗಲಿಯಲ್ಲಿ ಅದನ್ನು ಒಮ್ಮೆ ಓದಿ ಒಪ್ಪಿಸಬೇಕಾಗಿತ್ತು. ಬೀದಿಯವರು ಮೂವತ್ತೊಂದು ಜನ. ಮಾದಪ್ಪನವರು ಬರುವುದಿಲ್ಲವೆಂದರೂ ಕೆಂಪಮ್ಮ ಒಗೆದ ರುಮಾಲು ಸುತ್ತಿಸಿ ಕರೆತಂದಿದ್ದಳು. ಬಾವುಟವನ್ನು ಒಂದು ಬೆಂಚಿನ ಮೇಲೆ ಹರಡಿದ್ದರು. ನಾನು ನನ್ನ ಸಾಕ್ಷ್ಯಕ್ಕೆ ಬಂದು, ಕಾಗದವನ್ನು ಎತ್ತಿ ಹಿಡಿದು, ಸವಾರ ಮಾದನ ನಿಶಾನಿ ಎಂದು ಎರಡು ಸಲ ಓದಿದೆ. ಎರಡನೆಯ ಸಲ ಸ್ವಲ್ಪ ಜೋರಾಗಿಯೇ ಓದಿದೆನೆಂದು ಕಾಣುತ್ತದೆ.

ಮುಂದಿನ ಸಾಲಿನಲ್ಲಿ ಗುರುಸಿದ್ದಪ್ಪನವರು ಕೂತಿದ್ದರು. ಕೋರ್ಟಿನಲ್ಲಿ ನಕಲು ಗುಮಾಸ್ತರಾಗಿದ್ದು ನಿವೃತ್ತರಾದವರು. ಹಣೆಯ ತುಂಬ ವಿಭೂತಿ, ಮಾತಿನ ತುಂಬ ಕಾನೂನು. ಅವರು ಕೈನೀಡಿ ಕಾಗದ ಇಸಕೊಂಡು, ಮೇಲಿನ ಪಟ್ಟಿಯ ಮೇಲೆ ಕಣ್ಣು ಹಾಯಿಸಿ, ಕೊನೆಯ ಸಾಲು ನೋಡಿದರು.

“ಏನಮ್ಮ, ಇದು ಹೆಬ್ಬೆಟ್ಟು ಕಣಮ್ಮ. ಸಹಿ ಬರದವರು ಒತ್ತೋ ಹೆಬ್ಬೆಟ್ಟಿಗೂ ನಿಶಾನಿ ಅಂತಾರೆ. ಮೂವತ್ತು ವರ್ಷ ಇದನ್ನೇ ನಕಲು ಮಾಡಿದೀನಿ. ಕಂಬಳಿ ಗಿಂಬಳಿ ವಾಪಸ್ ಕೊಟ್ಟ ರಸೀತಿ ಇದು. ಬಾವುಟಕ್ಕೂ ಇದಕ್ಕೂ ಏನೂ ಇಲ್ಲ.”

ಆಮೇಲೆ ನಾಗರಾಜ, ಕಾರ್ಯಕ್ರಮ ಕೆಟ್ಟ ಸಿಟ್ಟಿನಲ್ಲಿ, ಬೆಂಚಿನ ಮೇಲಿನ ಎರಡು ನಾಲಗೆಯ ಬಟ್ಟೆಯನ್ನೂ ಗರಡಿಯ ಹಗ್ಗದ ಮೇಲೆ ಒಣಗುತ್ತಿದ್ದ ಪೈಲ್ವಾನರ ಬಟ್ಟೆಗಳನ್ನೂ ನೋಡಿ, “ಸದ್ಯ, ಯಾವನೋ ಲಂಗೋಟಿ ಒಣಗಾಕಿದ್ನ ನಾವು ಬಾವುಟ ಅಂತ ಏರಿಸ್ಬುಡ್ತಿದ್ವಲ್ಲ” ಎಂದ.

ಮೂವತ್ತೊಂದು ಜನರಲ್ಲಿ ನಗದವರು ಮೂವರು. ಗುರುಸಿದ್ದಪ್ಪನವರು, ಕೆಂಪಮ್ಮ, ನಾನು. ಮಾದಪ್ಪನವರೂ ನಕ್ಕರು. ಎದ್ದು ಬಂದು, ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು, “ಅರಿವೆ ಕಣ್ರಪ್ಪ. ಬರೀ ಅರಿವೆ. ಬುಟ್ಬುಡಿ” ಎಂದು ಹೇಳಿ ಮನೆಯ ಕಡೆ ನಡೆದರು.

ಮಾರನೆಯ ದಿನದಿಂದ ಅವರು ಜಗಲಿಗೆ ಬರಲಿಲ್ಲ. ಬೀದಿಯ ಮಕ್ಕಳು ಅವರ ಮನೆಯ ಮುಂದೆ ಹಾಯುವಾಗ ಹೆಬ್ಬೆಟ್ ಬಾವ್ಟ ಎಂದು ಕೂಗಿ ಓಡುತ್ತಿದ್ದರು. ಬುಧವಾರ ಕೆಂಪಮ್ಮ ನಲ್ಲಿಯ ಬಳಿ ಸಿಕ್ಕಳು. ಅಪ್ಪ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ, ರಾಗಿ ಮುದ್ದೆ ಮುರಿದು ಹಾಗೇ ಕೂತಿರುತ್ತಾರೆ ಎಂದಳು. “ನಿಮ್ ಬರವಣಿಗೇನ ನಿಮ್ಮನೇಲೇ ಇಟ್ಕಂಡಿದ್ರೆ ಆಯ್ತಿತ್ತಲ್ಲವ್ವ” ಎಂದು ಕೊಡ ಎತ್ತಿಕೊಂಡು ಹೋದಳು. ಆ ದಿನ ನಲ್ಲಿ ನೀರು ನಿಂತ ಹೊತ್ತನ್ನು ನಾನು ಬರೆದಿಲ್ಲ.

ತಪ್ಪು ಮಾಡಿದಾಗಲೂ ನನ್ನ ಪದ್ಧತಿ ಬಿಡುವುದಿಲ್ಲ. ಶುಕ್ರವಾರ ಕೂತು, ನಾನು ನಿಶಾನಿ ಎಂಬ ಮಾತನ್ನು ಎಷ್ಟು ಕಡೆ ತಪ್ಪಾಗಿ ಬರೆದಿದ್ದೇನೆಂದು ಲೆಕ್ಕ ಮಾಡಿದೆ. ಒಂದು ರೀತಿಯ ಬಸ್ಕಿ ಅದು. ಚರಿತ್ರೆಯಲ್ಲಿ ಒಂಬತ್ತು ಸಲ. ಡೈರಿಯಲ್ಲಿ ಮಾಡಿಕೊಂಡಿದ್ದ ಕಾಗದದ ನಕಲಿನಲ್ಲಿ ಒಂದು ಸಲ ಇರಬೇಕು, ಕೊನೆಯ ಸಾಲಿನಲ್ಲಿ. ಎಣಿಸಿದೆ. ಎರಡು ಬಂತು. ಮತ್ತೆ ಎಣಿಸಿದೆ. ಎರಡೇ.

ಇನ್ನೊಂದು ಮೇಲಿನ ಪಟ್ಟಿಯಲ್ಲಿತ್ತು. ನಾನೇ ಬರೆದ ಅಕ್ಷರ, ನಾನು ಓದಿರಲಿಲ್ಲ. ‘ಕಂಬಳಿ ಎರಡು, ಜೀನು ಒಂದು, ಕಡಿವಾಣ ಒಂದು, ಕತ್ತಿ ಒಂದು, ಭರ್ಜಿ ಒಂದು, ನಿಶಾನಿ ಇಲ್ಲ.’

ಭರ್ಜಿಗೆ ಹೆಬ್ಬೆಟ್ಟು ಇರುವುದಿಲ್ಲ. ಇಲ್ಲಿಯ ನಿಶಾನಿ ಬಾವುಟವೇ. ಸವಾರ ಮಾದ ಭರ್ಜಿಯನ್ನು ಹಿಂದಕ್ಕೆ ಕೊಟ್ಟಾಗ ಅದರ ತಲೆಯ ಮೇಲೆ ಬಾವುಟವಿರಲಿಲ್ಲ. ಅದು ಎಲ್ಲಿತ್ತೆಂದು ನನಗೆ ಈಗ ಗೊತ್ತಿತ್ತು. ಡೈರಿ ಬಗಲಲ್ಲಿಟ್ಟುಕೊಂಡು ಓಡಿದೆ.

ಮಾದಪ್ಪನವರು ಹಿತ್ತಿಲ ಬಾಗಿಲಲ್ಲಿ ಕೂತು ಪಟ್ಟಿ ಹೊಲಿಯುತ್ತಿದ್ದರು. ನಾನು ಏದುಸಿರು ಬಿಡುತ್ತ, ತಾತ, ಕಾಗದದಲ್ಲೇ ಇದೆ, ಭರ್ಜಿ ಒಂದು ನಿಶಾನಿ ಇಲ್ಲ ಅಂತ ಇದೆ, ನಿಮ್ಮದು ನಿಜವಾದ ಬಾವುಟ ಎಂದೆ. ಅವರ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅವರ ಕೈಯಲ್ಲಿ ಸೂಜಿ ನಿಂತುಬಿಟ್ಟಿತು.

“ಇನ್ನೂ ಅಯ್ತಾ ಅದು? ಇಷ್ಟೊತ್ತಿಗೆ ಅಳಿಸೋಗಿರ್ತದೆ ಅಂದ್ಕಂಡಿದ್ದೆ.”

ಆಮೇಲೆ ಅವರು ಹೇಳಿದ್ದನ್ನು ಆ ದಿನವೇ ಬರೆದಿಟ್ಟಿದ್ದೇನೆ. ಅವರೂ ಬೋರ ಎಂಬುವನೂ ಹೂಟಗಳ್ಳಿಯವರು, ಒಂದೇ ಬೀದಿ, ಒಂದೇ ದಿನ ಸೈನ್ಯಕ್ಕೆ ಸೇರಿದವರು. ಹೈಫಾದ ಆ ಗುಡ್ಡದ ಇಳಿಜಾರಿನಲ್ಲಿ ಮಾದಪ್ಪನವರ ಭರ್ಜಿ ಮುರಿಯಿತು. ಪಕ್ಕದಲ್ಲಿ ಬೋರ ಕುದುರೆಯಿಂದ ಬಿದ್ದಿದ್ದ. ಅವನ ಭರ್ಜಿಯನ್ನು ಎತ್ತಿಕೊಂಡು ಇವರು ಮೇಲೆ ಹತ್ತಿದರು. ಇಳಿದು ಬರುವಾಗ ಬೋರ ಇರಲಿಲ್ಲ. ಊರಿಗೆ ಬಂದು ಸಾಮಾನು ಒಪ್ಪಿಸುವ ದಿನ, ಭರ್ಜಿಯ ಮೇಲಿನ ನಿಶಾನಿ ಎಲ್ಲಿ ಎಂದು ಗುಮಾಸ್ತ ಕೇಳಿದ. ಕಳೆದುಹೋಯಿತು ಎಂದು ಹೇಳಿ ಇವರು ಹೆಬ್ಬೆಟ್ಟು ಒತ್ತಿದರು. ನಿಶಾನಿ ಅಂಗಿಯ ಒಳಗೆ ಸೊಂಟಕ್ಕೆ ಸುತ್ತಿತ್ತು. ಬೋರನ ತಾಯಿಗೆ ಕೊಡಬೇಕೆಂದು ಬಿಚ್ಚಿಟ್ಟುಕೊಂಡಿದ್ದರು. ಹೂಟಗಳ್ಳಿಗೆ ನಡೆದು ಹೋಗಿ ಕೊಟ್ಟರೆ ಆಕೆ ಅದನ್ನು ಮುಟ್ಟಲಿಲ್ಲ. ಮಗನನ್ನು ಕರಕೊಂಡು ಹೋಗಿ ಬಟ್ಟೆ ತಂದೆಯಲ್ಲಪ್ಪ, ನೀನೇ ಇಟ್ಟುಕೋ ಎಂದಳಂತೆ.

“ಆಕೆ ಇಸ್ಕನ್ನಿಲ್ಲ. ಸರ್ಕಾರಕ್ಕೆ ಕೊಡಾನ ಅಂದ್ರೆ, ಕಳದೋಯ್ತು ಅಂತ ಒತ್ಬುಟ್ಟಿದ್ದೆ. ಸರ್ಕಾರದ ಮಾಲು ಕದ್ದೋನು ಕಣ್ ಕೂಸೆ ನಾನು. ಅವತ್ತು ಜಗ್ಲೀಲಿ, ಅರಿವೆ ಅಂದ್ಬುಟ್ರೆ ಎಲ್ರೂ ಸುಮ್ಕಾಯ್ತಾರೆ ಅಂತ ಅಂದ್ಬುಟ್ಟೆ.” ಸೂಜಿಯನ್ನು ಪಟ್ಟಿಗೆ ಚುಚ್ಚಿಟ್ಟರು. “ಅಂದ್ ಮ್ಯಾಲೆ ಅನ್ನ ಸೇರ್ತಾ ಇಲ್ಲ. ಬೋರನ್ನೇ ಅರಿವೆ ಅಂದಂಗಾಯ್ತು.”

ಬಾವುಟ ನಿಜವೆಂದು ತೋರಿಸುವ ಸಾಲೇ ಅವರನ್ನು ಕಳ್ಳರೆಂದೂ ತೋರಿಸುವ ಸಾಲು. ಈ ಪುಟ ಯಾರಿಗೂ ತೋರಿಸುವುದಿಲ್ಲ ಎಂದೆ. ಅವರು ತಲೆಯಾಡಿಸಿ, ಬೇಡ, ವಾಪಸ್ ಕೊಟ್ಟುಬಿಡೋಣ, ಹೇಗೆ ಕೊಡುವುದು ಕೇಳಿಕೊಂಡು ಬಾ ಎಂದರು.

ಹೇಗೆ ಕೊಡುವುದೆಂದು ಗೊತ್ತಿರುವವರು ಬೀದಿಯಲ್ಲಿ ಒಬ್ಬರೇ. ಗುರುಸಿದ್ದಪ್ಪನವರು ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಮೊದಲಿಂದ ಓದಿದರು. ‘ನಿಶಾನಿ ಇಲ್ಲ’ ಎಂಬಲ್ಲಿ ಅವರ ಬೆರಳು ನಿಂತಿತು. ಕನ್ನಡಕ ತೆಗೆದು, “ನಕಲು ಮಾಡೋರು ಓದಲ್ಲ ಕಣಮ್ಮ. ನೀನೂ ಓದಲಿಲ್ಲ, ನಾನೂ ಓದಲಿಲ್ಲ” ಎಂದರು. ಮಾದಪ್ಪನವರ ಮಾತನ್ನು ಹೇಳಿದೆ. ಹಳೆಯ ದಸ್ತಾವೇಜನ್ನು ತಿದ್ದುವ ಹಾಗಿಲ್ಲ, ಆದರೆ ಷರಾ ಬರೆಯಬಹುದು ಎಂದರು. ಷರಾ ಎಂದರೆ ಕಾಗದಕ್ಕೆ ಆಮೇಲೆ ಸೇರಿಸುವ ಮಾತು.

ಹದಿನಾಲ್ಕರ ಭಾನುವಾರ ಬೆಳಿಗ್ಗೆ ಅವರು ಕೋಟು ಹಾಕಿಕೊಂಡು, ಸ್ಟಾಂಪ್ ಪ್ಯಾಡು ಹಿಡಿದು ಕೆಂಪಮ್ಮನ ಮನೆಗೆ ಬಂದರು. ಒಳಗೆ ಬಂದವರು ಮೊದಲು ಮಾದಪ್ಪನವರಿಗೆ ಕೈಮುಗಿದರು. ಕಾಗದ ಬೇಡ, ಈ ಮಗು ದಿನವೂ ಬರೆಯುವ ಬುಕ್ಕಿನಲ್ಲೇ ಬರೆಯಲಿ, ಅದಾದರೆ ಕಳೆಯುವುದಿಲ್ಲ ಎಂದು ಮಾದಪ್ಪನವರು ಹೇಳಿದರು. ನನ್ನ ಡೈರಿಗೆ ಅಂಥ ಮರ್ಯಾದೆ ಅದಕ್ಕೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿಲ್ಲ. ಗುರುಸಿದ್ದಪ್ಪನವರು ಹೇಳಿದರು, ನಾನು ಬರೆದೆ. ‘ಷರಾ: ಸವಾರ ಬೋರನ ಭರ್ಜಿಯ ನಿಶಾನಿ ಒಂದು, ಈ ದಿನ ಹಾಜರು.’

ಇಸಕೊಳ್ಳುವವರು ಯಾರು ಎಂದು ಮಾದಪ್ಪನವರು ಕೇಳಿದರು. ಅವರು ಸೇರಿದ್ದ ಕುದುರೆ ಸೈನ್ಯ ಮೈಸೂರಿನಲ್ಲಿ ಉಳಿದಿರಲಿಲ್ಲ. ಮಹಾರಾಜರ ಸರ್ಕಾರವೂ ಇರಲಿಲ್ಲ. ಗುರುಸಿದ್ದಪ್ಪನವರು ಯೋಚಿಸಿ, “ಎಲೆಕ್ಷನ್‌ನಲ್ಲಿ ಓಟು ಹಾಕಿದೀರಾ ಮಾದಪ್ಪನೋರೆ?” ಎಂದರು.

“ಎರಡ್ ಕಿತಾನೂ ಆಕಿವ್ನಿ.”

“ಹಾಗಾದ್ರೆ ಸರ್ಕಾರ ಅಂದ್ರೆ ನೀವೂ ಸೇರಿದ ಹಾಗೆ ಕಣ್ರೀ.”

“ಕೊಡೋನೂ ನಾನೇ, ಇಸ್ಕಳೋನೂ ನಾನೇನಾ?”

“ಈಗಿನ ಕಾನೂನು ಹಾಗೇ ಇದೆ” ಎಂದರು ಗುರುಸಿದ್ದಪ್ಪನವರು, ಬಹಳ ಗಂಭೀರವಾಗಿ. ಮಾದಪ್ಪನವರು ವಾರದಲ್ಲಿ ಮೊದಲ ಸಲ ನಿಜವಾಗಿ ನಕ್ಕರು. ಹೆಬ್ಬೆಟ್ಟನ್ನು ಪ್ಯಾಡಿಗೆ ಒತ್ತಿ, ಪುಟದ ಮೇಲೆ ಇಟ್ಟು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೆಲ್ಲಗೆ ಹೊರಳಿಸಿದರು. ಗೆರೆಗೆರೆಯೂ ಬಿಡಿಯಾಗಿ ಮೂಡಿತು.

ಎಲ್ಲರಿಗೂ ಹೇಳಿಬಿಡಿ ಎಂದು ಮಾದಪ್ಪನವರು ಹೇಳಿದ್ದರಿಂದ, ನಾಗರಾಜನಿಗೆ ಗುರುಸಿದ್ದಪ್ಪನವರೇ ವಿಷಯ ತಿಳಿಸಿದರು. ಹೇಗೆ ತಿಳಿಸಿದರೋ ನನಗೆ ಗೊತ್ತಿಲ್ಲ. ಹದಿನೈದರ ಬೆಳಿಗ್ಗೆ ಅವನು ಗಟ್ಟಿ ಬಿದಿರೊಂದನ್ನು ಸೀಸೆಚೂರಿನಿಂದ ಹೆರೆದು, ಎಣ್ಣೆ ತಿಕ್ಕಿ, ಭರ್ಜಿಯ ಹಾಗೆ ಮೊನೆ ಮಾಡಿ ತಂದು ಮಾದಪ್ಪನವರ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ಮಾದಪ್ಪನವರು ಅದನ್ನು ಕೈಯಲ್ಲಿ ತೂಗಿ ನೋಡಿ, ಭಾರ ಸಾಲದು ಕಣ್ಲಾ ಎಂದು ಹೇಳಿ, ತಾವೇ ಬಾವುಟ ಕಟ್ಟಿಕೊಟ್ಟರು. ಆ ಗಂಟು ನಲವತ್ತು ವರ್ಷವಾದರೂ ಅವರ ಬೆರಳಿಗೆ ಮರೆತಿರಲಿಲ್ಲ.

ಗರಡಿಯ ಮುಂದೆ ತ್ರಿವರ್ಣ ಧ್ವಜ ಏರಿತು. ಅದರ ಪಕ್ಕದಲ್ಲಿ, ಅದಕ್ಕಿಂತ ತಗ್ಗಿನಲ್ಲಿ, ಬಿದಿರಿನ ಭರ್ಜಿಯನ್ನು ನೆಟ್ಟರು. ಬಣ್ಣವೇ ಗೊತ್ತಾಗದ ಆ ಎರಡು ನಾಲಗೆಯ ಬಟ್ಟೆ ಗಾಳಿಗೆ ಬಿಚ್ಚಿಕೊಂಡಿತು. ನನ್ನ ಮೂರು ಪುಟದ ಚರಿತ್ರೆಯನ್ನು ನಾನು ತಂದಿರಲಿಲ್ಲ. ಕಳೆಯಿತೆಂದು ಒತ್ತಿದ್ದು ಏಕೆ, ಯಾರಿಗಾಗಿ ಎಂದು ನಾಲ್ಕು ಮಾತು ಹೇಳಿದೆ. ಹಳೆಯ ಪಟ್ಟಿ ಓದಿದೆ. ಭರ್ಜಿ ಒಂದು, ನಿಶಾನಿ ಇಲ್ಲ ಎಂಬಲ್ಲಿ ನಿಲ್ಲಿಸಿ, ಡೈರಿ ತೆರೆದು ಷರಾ ಓದಿದೆ. ಸವಾರ ಬೋರನ ಭರ್ಜಿಯ ನಿಶಾನಿ ಒಂದು, ಈ ದಿನ ಹಾಜರು.

“ಹಾಜರ್” ಎಂಬ ದನಿ ಕೇಳಿತು. ಹಿಂದಿನ ಸಾಲಿನಲ್ಲಿ ಮಾದಪ್ಪನವರು ಎದ್ದು ನಿಂತಿದ್ದರು, ಹಿಮ್ಮಡಿ ಕೂಡಿಸಿ, ಎದೆ ಸೆಟೆದು. ದಂಡಿನಲ್ಲಿ ಹೆಸರು ಕೂಗಿದಾಗ ಉತ್ತರ ಕೊಡುವ ದನಿ ಅದು. ಕೂಗಿದ್ದು ಅವರ ಹೆಸರನ್ನಲ್ಲ.

ಬೀದಿಯವರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತರು. ಆಮೇಲೆ ಲಾಡು ಹಂಚಿದರು, ಹುಡುಗರು ಸಾಮು ಮಾಡಿ ತೋರಿಸಿದರು, ಹನ್ನೊಂದರ ಹೊತ್ತಿಗೆ ಮಳೆ ಹನಿಯಿತು. ಇದೆಲ್ಲ ಡೈರಿಯಲ್ಲಿದೆ. ಆ ಆಗಸ್ಟ್ ಹದಿನೈದರಂದು ನಮ್ಮ ಬೀದಿಯಲ್ಲಿ ಒಟ್ಟು ಎಷ್ಟು ಬಾವುಟ ಹಾರಿದವು ಎಂಬುದು ಮಾತ್ರ ಇಲ್ಲ. ಎಣಿಸುವುದು ಮರೆತುಹೋಯಿತು.